ಮಠದ ಮಾನಕ್ಕಿಂತ ಮಗು ದೊಡ್ಡದು

ಕಲಬುರಗಿಯ ಧರ್ಮಗುರುಗಳೇ, ಆಡಳಿತ ಮಂಡಳಿಗಳ ಹಿರಿಯರೇ, ಭಕ್ತರೇ,

ಯುರೋಪಿನ ಚರ್ಚುಗಳು ಬಣಗುಡುತ್ತಿವೆ ಎಂದರೆ ವಿಜ್ಞಾನ, ಸಿರಿತನ, ನಾಸ್ತಿಕರ ವಾದ ಎಂದು ಕಾರಣ ಹೇಳಿ ಸುಮ್ಮನಾಗುತ್ತೇವೆ. ಐರ್ಲೆಂಡಿನ ಕಡೆ ಒಮ್ಮೆ ನೋಡಿ. ಅಲ್ಲಿ ಶಾಲೆ, ಆಸ್ಪತ್ರೆ, ಅನಾಥಾಲಯಗಳು ಬಹುಪಾಲು ಕ್ಯಾಥೊಲಿಕ್ ಸಭೆಯ ಕೈಯಲ್ಲಿದ್ದವು; ಪಾದ್ರಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. 2009ರಲ್ಲಿ ತನಿಖಾ ಆಯೋಗವೊಂದರ ರಯಾನ್ ವರದಿ ಹೊರಬಿತ್ತು. ಸಂನ್ಯಾಸಿ ಸಂಘಗಳ ವಸತಿ ಶಾಲೆಗಳಲ್ಲಿ ಬಡವರ ಮಕ್ಕಳು ದಶಕಗಳ ಕಾಲ ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಡಬ್ಲಿನ್ನಿನ ಧರ್ಮಾಧಿಕಾರಿಗಳು ಸಭೆಯ ಹೆಸರು ಕೆಡಬಾರದೆಂದು ದೂರುಗಳನ್ನು ಮುಚ್ಚಿಟ್ಟದ್ದನ್ನು ಅದೇ ವರ್ಷದ ಮರ್ಫಿ ವರದಿ ಬಯಲಿಗೆಳೆಯಿತು. ಐರ್ಲೆಂಡಿನ 2011ರ ಜನಗಣತಿಯಲ್ಲಿ ನೂರಕ್ಕೆ 84 ಮಂದಿ ಕ್ಯಾಥೊಲಿಕರೆಂದು ಬರೆಸಿದ್ದರು, 2022ರಲ್ಲಿ 69. ಇಳಿಕೆಗೆ ಬೇರೆ ಕಾರಣಗಳೂ ಉಂಟು. ಆದರೆ ಮಕ್ಕಳ ಕಣ್ಣೀರನ್ನು ಮುಚ್ಚಿಟ್ಟವರು ನೀತಿ ಬೋಧಿಸಿದರೆ ಕೇಳುವ ಕಿವಿ ಎಲ್ಲಿ ಉಳಿದೀತು?

ಈಗ ನಮ್ಮ ಅಂಗಳಕ್ಕೆ ಬನ್ನಿ. ಕಮಲಾಪುರದ ಸುತ್ತಲಿನ ತಾಂಡಾಗಳಿಂದ ಜನ ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಜೂನ್ ಬಂತೆಂದರೆ ತಾಯಿಯೊಬ್ಬಳು ತಗಡಿನ ಪೆಟ್ಟಿಗೆ ಹೊತ್ತು, ಮಗನ ಕೈ ಹಿಡಿದು ಕಲಬುರಗಿಯ ಬಸ್ಸು ಹತ್ತುತ್ತಾಳೆ. ಮಠದ ಹಾಸ್ಟೆಲಿನ ಬಾಗಿಲಲ್ಲಿ ಕೈಮುಗಿದು, "ನಿಮ್ಮ ಉಡ್ಯಾಗ ಹಾಕೀನ್ರೀ, ಅಪ್ಪಾರ" ಎನ್ನುತ್ತಾಳೆ. ಆ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಶರಣಬಸವೇಶ್ವರರ ದಾಸೋಹ, ಬಂದೇ ನವಾಜರ ಉರುಸಿಗೆ ಹಿಂದೂಗಳೂ ಹೂವಿನ ಚಾದರ ಹೊತ್ತು ಹೋಗುವ ರೂಢಿ, ಕಮಲಾಪುರ ದಾಟಿ ಹೋದರೆ ಸಿಗುವ ಬಸವಕಲ್ಯಾಣದ ಶರಣರ ನಡೆ, ಇವೆಲ್ಲ ಗಳಿಸಿಕೊಟ್ಟ ಆಸ್ತಿ ಅದು. ಅದನ್ನು ಕಳೆಯುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಮಾಡಬೇಕಾದದ್ದನ್ನು ಮಾಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಬಾಯಿಮುಚ್ಚಿ ಕೂತರೆ ಅದೂ ಅಪರಾಧ. ಹಿರಿಯರನ್ನು ಕೂಡಿಸಿ ಒಳಗೊಳಗೇ ರಾಜಿ ಮಾಡಿಸಬೇಡಿ. ಆರೋಪ ಹೊತ್ತವರು, ಎಷ್ಟೇ ದೊಡ್ಡವರಿರಲಿ, ತನಿಖೆ ಮುಗಿಯುವ ತನಕ ಮಕ್ಕಳಿಂದ ದೂರವಿರಲಿ. ಮಕ್ಕಳ ಸಹಾಯವಾಣಿ 1098 ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ. ಭಕ್ತರೇ, ಕಾಣಿಕೆ ಕೊಡುವ ಕೈಗೆ ಲೆಕ್ಕ ಕೇಳುವ ಹಕ್ಕೂ ಇದೆ. ಮಕ್ಕಳು ಹೇಗಿದ್ದಾರೆಂದು ಹೋಗಿ ಕೇಳಿ.

ಕಾನೂನು ಹೊಸ್ತಿಲು ದಾಟಿದರೆ ಧರ್ಮ ಕೆಡುತ್ತದೆಂಬ ಅಂಜಿಕೆ ಬಿಡಿ. ಮಠವಿರಲಿ, ಮದರಸಾ ಇರಲಿ, ಚರ್ಚ್ ಇರಲಿ, ನಿಮ್ಮ ಅಂಗಳದಲ್ಲಿ ಮಗುವಿಗೆ ಅನ್ಯಾಯವಾದರೆ ಠಾಣೆಯ ಮೆಟ್ಟಿಲು ಮೊದಲು ಹತ್ತುವವರು ನೀವೇ ಆಗಿರಿ.