ಓಟದ ಕಣದಿಂದ ಪ್ರಭುಸಭೆಗೆ

ಕಾಲು ಊನವಾದ ಕೂಸೊಂದು ಮನೆಯಲ್ಲಿದ್ದರೆ ಹಿರಿಯರಾದ ನಾವು ಸಾಮಾನ್ಯವಾಗಿ ಆಡುವ ಮಾತು ಒಂದೇ: “ಪಾಪ, ಅದರಿಂದ ಏನಾದೀತು? ಕೂತಲ್ಲಿಗೆ ಅನ್ನ ಕೊಟ್ಟರೆ ಸಾಕು.” ಈ ಮಾತಿನಲ್ಲಿ ಕನಿಕರವಿಲ್ಲವೆಂದು ನಾವು ಹೇಳಲಾರೆವು. ಆದರೆ ಕನಿಕರವೂ ಎಷ್ಟೋ ವೇಳೆ ಬಾಗಿಲಿಗೆ ಹಾಕಿದ ಅಗುಳಿಯ ಕೆಲಸವನ್ನು ಮಾಡುವುದುಂಟು. ಒಳಗಿರುವವರು ಹೊರಗೆ ಬರಲಾರರು. ಅಂತಹ ಅಗುಳಿಯನ್ನು ಸರಿಸಿ ಹೊರಬಂದ ಮಹಿಳೆಯೊಬ್ಬರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸಿದ್ದೇವೆ.

ಇವರ ಹೆಸರು ಟ್ಯಾನಿ ಗ್ರೇ-ಥಾಂಪ್ಸನ್. ೧೯೬೯ರಲ್ಲಿ ವೇಲ್ಸ್ ಸೀಮೆಯ ಕಾರ್ಡಿಫ್ ನಗರದಲ್ಲಿ ಜನಿಸಿದರು. ಬೆನ್ನುಹುರಿಯು ಗರ್ಭದಲ್ಲಿಯೇ ಸರಿಯಾಗಿ ಕೂಡಿಕೊಳ್ಳದಿರುವ ‘ಸ್ಪೈನಾ ಬೈಫಿಡಾ’ ಎಂಬ ದೋಷವು ಇವರಿಗೆ ಹುಟ್ಟಿನಿಂದ ಬಂದುದು. ಬಾಲ್ಯದಲ್ಲಿಯೇ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಅಂಗವಿಕಲ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸುವುದೇ ರೂಢಿಯಾಗಿದ್ದ ಆ ಕಾಲದಲ್ಲಿ ತಂದೆತಾಯಿಗಳು ಹಠಹಿಡಿದು ಮಗಳನ್ನು ಎಲ್ಲ ಮಕ್ಕಳೂ ಓದುವ ಶಾಲೆಗೇ ಸೇರಿಸಿದರು. ಮುಂದೆ ಲಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇವರು ರಾಜ್ಯಶಾಸ್ತ್ರವನ್ನು ಓದಿ ಪದವಿ ಪಡೆದರು. ಪದಕಗಳ ಬಲವೊಂದರಿಂದಲೇ ಇವರು ರಾಜಕಾರಣಕ್ಕೆ ಬಂದರೆಂದು ಭಾವಿಸುವವರು ಈ ಸಂಗತಿಯನ್ನು ಮರೆಯಲಾಗದು.

ಗಾಲಿಕುರ್ಚಿಯ ಓಟವೆಂದರೆ ಮನೆಯಲ್ಲಿ ಬಳಸುವ ಕುರ್ಚಿಯನ್ನು ತಳ್ಳಿಕೊಂಡು ಹೋಗುವುದಲ್ಲ. ಅದಕ್ಕಾಗಿ ಮುಂದಕ್ಕೆ ಚಾಚಿದ ಮೂರು ಗಾಲಿಗಳ ಹಗುರವಾದ ಬಂಡಿಯೊಂದುಂಟು. ಓಟಗಾರರು ಅದರಲ್ಲಿ ಮುಂದಕ್ಕೆ ಬಾಗಿ ಕುಳಿತು, ದಪ್ಪ ಕೈಚೀಲಗಳನ್ನು ತೊಟ್ಟು, ಗಾಲಿಗೆ ಹೊಂದಿದ ಬಳೆಯನ್ನು ಕೈಯಿಂದ ಬಡಿಬಡಿದು ಬಂಡಿಯನ್ನು ಓಡಿಸುವರು. ಭುಜದ ಶಕ್ತಿಯೊಡನೆ ವರ್ಷಗಟ್ಟಲೆಯ ಅಭ್ಯಾಸವೂ ಇದಕ್ಕೆ ಬೇಕು. ಟ್ಯಾನಿಯವರು ೧೯೮೮ರ ಸಿಯೋಲ್ ಪ್ಯಾರಾಲಿಂಪಿಕ್ಸಿನಲ್ಲಿ ಒಂದು ಕಂಚಿನ ಪದಕವನ್ನು ಪಡೆದರು; ೧೯೯೨ರಲ್ಲಿ ಬಾರ್ಸಿಲೋನಾದಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದರು. ೨೦೦೪ರ ಅಥೆನ್ಸ್ ಕೂಟದ ಹೊತ್ತಿಗೆ ಐದು ಕೂಟಗಳಲ್ಲಿ ಅವರ ಪದಕಗಳು ೧೬ ಆಗಿದ್ದುವು. ಅವುಗಳಲ್ಲಿ ಚಿನ್ನದವು ೧೧. ಸುಮಾರು ೨೬ ಮೈಲಿಗಳ ಲಂಡನ್ ಮ್ಯಾರಥಾನ್ ಓಟವನ್ನು ಮಹಿಳೆಯರ ಗಾಲಿಕುರ್ಚಿ ವಿಭಾಗದಲ್ಲಿ ಆರು ಬಾರಿ ಗೆದ್ದರು. ೨೦೦೭ರಲ್ಲಿ ಸ್ಪರ್ಧೆಯಿಂದ ನಿವೃತ್ತರಾದರು.

ಇಷ್ಟು ಕೀರ್ತಿ ಪಡೆದವರಿಗೆ ದಾರಿ ಸುಗಮವಾಗಿತ್ತೆಂದು ನಾವು ಊಹಿಸಬಹುದು. ಆದರೆ ೨೦೦೦ದಲ್ಲಿ, ಸಿಡ್ನಿಯಿಂದ ಮತ್ತೆ ನಾಲ್ಕು ಚಿನ್ನದ ಪದಕಗಳೊಡನೆ ಬಂದ ವರ್ಷದಲ್ಲಿಯೇ, ಕ್ರೀಡಾವೀರರ ಸನ್ಮಾನ ಸಮಾರಂಭವೊಂದರಲ್ಲಿ ಅವರಿಗೆ ಮೂರನೆಯ ಸ್ಥಾನ ದೊರೆತಾಗ, ವೇದಿಕೆಗೆ ಗಾಲಿಕುರ್ಚಿ ಏರುವಂತಹ ಇಳಿಜಾರೇ ಇರಲಿಲ್ಲ. ಇತರರು ಮೇಲೆ ನಿಂತು ಗೌರವವನ್ನು ಪಡೆದರು. ಇವರು ಕೆಳಗೇ ಕುಳಿತು ಪಡೆಯಬೇಕಾಯಿತು. ಕರೆದವರಿಗೆ ದುರುದ್ದೇಶವಿರಲಿಲ್ಲ, ಯೋಚನೆ ಇರಲಿಲ್ಲ, ಅಷ್ಟೆ. ಅಂಗವಿಕಲರ ಬಹುಭಾಗ ಕಷ್ಟಗಳಿಗೆ ಈ ಯೋಚನೆಯ ಅಭಾವವೇ ಕಾರಣವೆಂದು ನಮಗೆ ತೋರುತ್ತದೆ.

೨೦೧೦ರಲ್ಲಿ ಅವರು ಬ್ರಿಟನ್ನಿನ ಪ್ರಭುಸಭೆಯ ಆಜೀವ ಸದಸ್ಯರಾಗಿ ನೇಮಕಗೊಂಡರು. ಇದು ಚುನಾವಣೆಯಿಂದ ಬಂದ ಸ್ಥಾನವಲ್ಲ. ಅಲ್ಲಿ ಅವರು ಯಾವ ಪಕ್ಷಕ್ಕೂ ಸೇರದೆ ಸ್ವತಂತ್ರ ಸದಸ್ಯರ ಸಾಲಿನಲ್ಲಿ ಕುಳಿತರು. ಓಟದಲ್ಲಿ ಗೆದ್ದವರಿಗೆ ರಾಜ್ಯಕಾರ್ಯದಲ್ಲಿ ಮಾತನಾಡುವ ಯೋಗ್ಯತೆಯೆಲ್ಲಿಂದ ಬಂತೆಂದು ಕೇಳುವವರುಂಟು, ಪ್ರಶ್ನೆಯು ನ್ಯಾಯವಾದುದೇ. ತೋಳಿನ ಬಲದಿಂದ ವಿವೇಕವು ತಾನಾಗಿ ಹುಟ್ಟದು. ಆದರೆ ಮೆಟ್ಟಿಲ ಮುಂದೆ ನಿಂತು ಹಿಂದಿರುಗಿದವರ ಅನುಭವವು, ಆ ಮೆಟ್ಟಿಲನ್ನು ಗಮನಿಸದೆಯೇ ಹತ್ತಿಹೋದವರಿಗೆ ಎಲ್ಲಿಂದ ಬರಬೇಕು? ಅಂಗವಿಕಲರಿಗೆ ಸಲ್ಲುತ್ತಿದ್ದ ಸಹಾಯಧನದ ಪದ್ಧತಿಯನ್ನು ಬದಲಿಸುವ ವಿಧೇಯಕವು ಸಭೆಯ ಮುಂದೆ ಬಂದಾಗ ಅವರು ತಿದ್ದುಪಡಿಗಳನ್ನು ಸೂಚಿಸಿ ವಾದಿಸಿದರು. ಆದರೂ ೨೦೧೨ರಲ್ಲಿ ಅದು ಶಾಸನವಾಯಿತು. ಕ್ರೀಡಾಪಟುಗಳ ಕ್ಷೇಮರಕ್ಷಣೆಯನ್ನು ಕುರಿತು ೨೦೧೭ರಲ್ಲಿ ಸರ್ಕಾರಕ್ಕೆ ವರದಿಯನ್ನೊಪ್ಪಿಸಿ, ದೂರುಗಳನ್ನು ಕೇಳುವುದಕ್ಕೆ ಸ್ವತಂತ್ರ ಅಧಿಕಾರಿಯೊಬ್ಬರು ಬೇಕೆಂದು ಸಲಹೆ ಮಾಡಿದರು. ಮರಣವು ಸಮೀಪಿಸಿದ ರೋಗಿಗಳು ಜೀವವನ್ನು ಮುಗಿಸಿಕೊಳ್ಳಲು ನೆರವು ನೀಡುವ ಶಾಸನವನ್ನೂ ವಿರೋಧಿಸಿದ್ದಾರೆ. ಈ ವಿಷಯದಲ್ಲಿ ಅವರನ್ನು ಒಪ್ಪದವರು ಬಹಳ ಮಂದಿ. ಓಟದಲ್ಲಿ ಗಡಿಯಾರವು ತೀರ್ಪು ಹೇಳಿಬಿಡುತ್ತದೆ. ರಾಜಕಾರಣದಲ್ಲಿ ಅಂತಹ ಗಡಿಯಾರವಿಲ್ಲ. ಸೋತಮೇಲೂ ಮರುದಿನ ಅದೇ ಮಾತನ್ನು ಮತ್ತೆ ಹೇಳಬೇಕಾಗುತ್ತದೆ.

೨೦೨೪ರ ಆಗಸ್ಟಿನಲ್ಲಿ, ಪ್ಯಾರಿಸಿನ ಪ್ಯಾರಾಲಿಂಪಿಕ್ಸಿಗೆ ಹೊರಟಿದ್ದ ಅವರು ರಾತ್ರಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣವನ್ನು ತಲುಪಿದರು. ಇಳಿಯಲು ನೆರವಾಗುವವರು ಯಾರೂ ಬರಲಿಲ್ಲ. ಕಾದು ಬೇಸತ್ತು, ಸಾಮಾನನ್ನು ಹೊರಗಿಟ್ಟು, ಆ ಪ್ರಭುಸಭೆಯ ಸದಸ್ಯೆಯು ನೆಲದಮೇಲೆ ತೆವಳಿಕೊಂಡು ರೈಲಿನಿಂದ ಇಳಿದರು. ಹನ್ನೊಂದು ಚಿನ್ನದ ಪದಕಗಳೂ ಹದಿನಾಲ್ಕು ವರ್ಷಗಳ ಶಾಸನಾಧಿಕಾರವೂ ಆ ಒಂದು ಹಲಗೆಯ ಸ್ಥಾನವನ್ನು ತುಂಬಲಿಲ್ಲ. ಅವರಿಗೇ ಹೀಗಾದರೆ, ಹೆಸರಿಲ್ಲದವರ ಪಾಡೇನು? ಅವರು ತೆವಳಿದುದು ಪತ್ರಿಕೆಗಳಲ್ಲಿ ಬಂತು. ಉಳಿದವರು ತೆವಳುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂತಹ ವೃತ್ತಾಂತವನ್ನು ಓದಿ, “ನೋಡು, ಅವಳು ಮಾಡಲಿಲ್ಲವೆ? ನಿನಗೇಕಾಗದು?” ಎಂದು ಮನೆಯ ಮಗುವನ್ನು ಗದರುವವರೂ ಇರಬಹುದು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಎಲ್ಲ ಕಾಲುಳ್ಳವರೂ ಓಟಗಾರರಾಗುವುದಿಲ್ಲವಷ್ಟೆ, ಹಾಗೆಯೇ ಎಲ್ಲ ಅಂಗವಿಕಲರೂ ಪದಕ ಗೆಲ್ಲಬೇಕಾಗಿಲ್ಲ. ಶಾಲೆಗೆ ಹೋಗುವುದಕ್ಕೂ ರೈಲಿನಿಂದ ಇಳಿಯುವುದಕ್ಕೂ ಪದಕದ ಅರ್ಹತೆ ಬೇಕೆ? ನಮ್ಮ ದೇಶದಲ್ಲಿಯೂ ೨೦೧೬ರ ಅಂಗವಿಕಲರ ಹಕ್ಕುಗಳ ಶಾಸನವು ಸಾರ್ವಜನಿಕ ಕಟ್ಟಡಗಳು ಇವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ. ಶಾಸನವು ಕಚೇರಿಯ ಮೆಟ್ಟಿಲವರೆಗೆ ಬಂದೀತು. ನಮ್ಮ ಮನೆಯ ಹೊಸ್ತಿಲನ್ನು ನಾವೇ ನೋಡಿಕೊಳ್ಳಬೇಕು. ಮುಂದಿನ ಹಬ್ಬಕ್ಕೆ ನೆಂಟರನ್ನು ಕರೆಯುವ ಮೊದಲು, ಅವರಲ್ಲಿ ಯಾರಾದರೂ ಆ ಹೊಸ್ತಿಲನ್ನು ದಾಟಲಾರದೆ ಉಳಿಯುವರೇ ಎಂದು ಒಮ್ಮೆ ಯೋಚಿಸೋಣ. ಒಂದು ಹಲಗೆಯನ್ನು ಓರೆಯಾಗಿ ಇಡುವುದಕ್ಕೆ ಯಾವ ಸಭೆಯ ಅನುಮತಿಯೂ ಬೇಕಿಲ್ಲ.