ವ್ಯಾನಿನ ಆಯುಷ್ಯ ನಮ್ಮ ಕೈಯಲ್ಲೇ ಇದೆ



ನಮ್ಮಲ್ಲಿ ಯಾರ ಅಡುಗೆಮನೆಗೆ ಹೋದರೂ ಗ್ರೈಂಡರಿನ ಕಲ್ಲು ಯಾವಾಗ ಕುಟ್ಟಿಸಿದ್ದು, ಬರ್ನರ್ ಯಾವಾಗ ಬದಲಾಯಿಸಿದ್ದು ಎಂದು ಮಾಲೀಕರು ಥಟ್ಟನೆ ಹೇಳುತ್ತಾರೆ. ಹೊರಗೆ ನಿಂತಿರುವ ವ್ಯಾನಿನ ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ ನೋಡಿ. "ಡ್ರೈವರನ್ನು ಕೇಳಬೇಕು" ಎಂಬ ಉತ್ತರ ಬರುತ್ತದೆ. ನಾನೂ ಹಲವು ವರ್ಷ ಅದೇ ಉತ್ತರ ಕೊಟ್ಟವನು. ಅದರ ಬೆಲೆ ತೆತ್ತ ಮೇಲೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮುಹೂರ್ತ. ಕಲ್ಯಾಣದಲ್ಲಿ 600 ಎಲೆಯ ಊಟ. ಮುಲುಂಡಿನಿಂದ ಹೊರಟ ವ್ಯಾನು ಥಾಣೆ ದಾಟಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಾಗ ಹಬೆ ಉಗುಳಿ ನಿಂತೇಬಿಟ್ಟಿತು. ಸಾಂಬಾರು, ಪಾಯಸದ ಪಾತ್ರೆಗಳನ್ನು ರಸ್ತೆ ಬದಿಯಲ್ಲೇ ಬಾಡಿಗೆ ಟೆಂಪೋಗೆ ಏರಿಸಿ ಹಾಲ್ ಮುಟ್ಟುವಾಗ ಮೊದಲ ಪಂಕ್ತಿ ಕುಳಿತು ಮುಕ್ಕಾಲು ಗಂಟೆ ಆಗಿತ್ತು. ಹುಡುಗಿಯ ತಂದೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಮನೆಯ ಆರ್ಡರ್ ಮತ್ತೆ ನಮಗೆ ಬರಲಿಲ್ಲ.

ಮೆಕ್ಯಾನಿಕ್ ಬಿಚ್ಚಿ ನೋಡಿದ. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಸಿಲಿಂಡರ್ ಹೆಡ್ ಬಾಗಿತ್ತು. ಮೀಟರ್ ತೋರಿಸುತ್ತಿದ್ದುದು ಬರೀ 84,000 ಕಿಲೋಮೀಟರ್. "ಕಂಪನಿಯ ಮಾಲೇ ಸರಿಯಿಲ್ಲ" ಎಂದು ನಾನು ರೇಗಿದೆ. ಡ್ರೈವರ್ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ. ಏಕೆಂದರೆ "ಅಣ್ಣಾ, ರೇಡಿಯೇಟರ್ ನೀರು ಕಡಿಮೆ ಆಗ್ತಾ ಉಂಟು" ಎಂದು ಆ ತಿಂಗಳಲ್ಲಿ ಮೂರು ಸಲ ಹೇಳಿದವನು ಅವನೇ. "ಸೀಸನ್ ಮುಗೀಲಿ ಮಾರಾಯ" ಎಂದು ಮೂರು ಸಲವೂ ಹೇಳಿದವನು ನಾನೇ.

ಚೆನ್ನಾಗಿ ನೋಡಿಕೊಂಡ ಎಂಜಿನ್ ಎಷ್ಟು ಬಾಳುತ್ತದೆ? ಅಮೆರಿಕದ ಇರ್ವ್ ಗಾರ್ಡನ್ ಎಂಬ ಶಾಲಾ ಮೇಷ್ಟ್ರ ಕಥೆ ಕೇಳಿ. 1966ರಲ್ಲಿ ಅವರು ಕೊಂಡ ವೋಲ್ವೋ ಪಿ1800 ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್ ದಾಟಿತು. ಅದು ಗಿನ್ನೆಸ್ ದಾಖಲೆ. ನಡುವೆ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಿದ್ದರು, ಆದರೆ ಮೊದಲ ಸಲ ಬಿಚ್ಚಿದ್ದು 10 ಲಕ್ಷ ಕಿಲೋಮೀಟರ್ ದಾಟಿದ ಮೇಲೆ. ಅವರ ಗುಟ್ಟು ಇಷ್ಟೇ: ಕಂಪನಿಯ ಪುಸ್ತಕದಲ್ಲಿ ಬರೆದದ್ದನ್ನು ತಪ್ಪದೆ ಮಾಡುವುದು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಕಾರಿನಲ್ಲಿ ಓಡಾಡಿದರು.

ಅಷ್ಟು ದೂರ ಬೇಡ. ಪುಣೆಯ ನಮ್ಮ ಸದಸ್ಯರೊಬ್ಬರ ವ್ಯಾನು ಎಂಜಿನ್ ಬಿಚ್ಚದೆ 3 ಲಕ್ಷ ಕಿಲೋಮೀಟರ್ ದಾಟಿದೆ. ಅವರ ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಪಕ್ಕದಲ್ಲೇ ವ್ಯಾನಿನ ಪುಸ್ತಕವೂ ನೇತಾಡುತ್ತದೆ.

ಗಾರ್ಡನ್ ಅವರ ಕಾರಿಗೂ ನಮ್ಮ ವ್ಯಾನಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ನಿಜ. ಅವರದು ದೂರದ ಓಟ, ನಮ್ಮದು ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್, ಐದಕ್ಕೆ ಅಡುಗೆಮನೆ, ಮತ್ತೆ ಹಾಲು, ಮತ್ತೆ ಬಾಳೆ ಎಲೆ. ಎಲ್ಲವೂ ಎರಡು ಮೂರು ಕಿಲೋಮೀಟರಿನ ಓಟ. ತಣ್ಣಗಿರುವ ಎಂಜಿನ್ ಹೆಚ್ಚು ಸವೆಯುತ್ತದೆ. ಅದು ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಒಳಗೆ ಹುಟ್ಟಿದ ನೀರಿನ ಪಸೆ ಆವಿಯಾಗದೆ ಆಯಿಲ್‌ನಲ್ಲೇ ಉಳಿದು ಜಿಡ್ಡು ಕಟ್ಟುತ್ತದೆ.

ಇನ್ನೊಂದು ಲೆಕ್ಕ ನೋಡಿ. ಹೈವೇಯಲ್ಲಿ ಗಂಟೆಗೆ 50ರಂತೆ 10,000 ಕಿಲೋಮೀಟರ್ ಓಡಿದರೆ ಎಂಜಿನ್ ದುಡಿದದ್ದು 200 ಗಂಟೆ. ನಗರದ ಟ್ರಾಫಿಕ್‌ನಲ್ಲಿ ಗಂಟೆಗೆ 10ರಂತೆ ಓಡಿದರೆ 1,000 ಗಂಟೆ. ಮೀಟರ್‌ಗೆ ಎರಡೂ ಒಂದೇ, ಎಂಜಿನ್‌ಗೆ ಅಲ್ಲ. ಆದ್ದರಿಂದ "ಇನ್ನೂ ಕಿಲೋಮೀಟರ್ ಆಗಿಲ್ಲ" ಎಂದು ಕಾಯುವುದು ತಪ್ಪು. ನಮ್ಮಂತಹ ಓಟಕ್ಕೆ ಬೇಗ ಆಯಿಲ್ ಬದಲಾಯಿಸಬೇಕು ಎಂದು ಸಾಮಾನ್ಯವಾಗಿ ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ. ಆ ಪುಟ ಓದುವವರು ಕಡಿಮೆ. ಕರಿದ ಎಣ್ಣೆ ಕಪ್ಪಾದರೆ ಬಾಣಲೆಯಿಂದ ತೆಗೆಯುವ ನಾವು ಎಂಜಿನ್ ಆಯಿಲ್‌ಗೆ ಮಾತ್ರ ಯಾಕೆ ಕನಿಕರ ತೋರಿಸಬೇಕು? ಸಿಎನ್‌ಜಿ ಗಾಡಿಯವರಂತೂ ಬಣ್ಣವನ್ನೂ ನಂಬಬೇಡಿ. ಅದರಲ್ಲಿ ಆಯಿಲ್ ಬೇಗ ಕಪ್ಪಾಗುವುದಿಲ್ಲ, ಹಾಗೆಂದು ಅದು ಹೊಸದಾಗಿಯೇ ಉಳಿಯುವುದೂ ಇಲ್ಲ.

ಎರಡನೆಯದು ನೀರು. ಬಾಯ್ಲರಿನಲ್ಲಿ ಬಿಳಿ ಚಕ್ಕೆ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ರೇಡಿಯೇಟರ್‌ಗೆ ದಿನಾ ನಲ್ಲಿ ನೀರು ತುಂಬಿಸಿದರೆ ಒಳಗೂ ಅದೇ ಗತಿ. ಕೂಲೆಂಟ್ ಹಾಕಿ, ಅದು ಪದೇಪದೇ ಕಡಿಮೆಯಾಗುತ್ತಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟಾಟ್ ಕಿತ್ತೆಸೆಯುವ ಮೆಕ್ಯಾನಿಕ್‌ಗಳಿದ್ದಾರೆ, ಬಿಡಬೇಡಿ. ಅದಿಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ಮೂರನೆಯದು ಕಣ್ಣು. ಓಮ್ನಿ, ಈಕೋದಂತಹ ವ್ಯಾನುಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತದೆ ಏನೂ ಕಾಣಿಸುವುದಿಲ್ಲ. ಹಾಗಾಗಿ ಯಾರೂ ಎತ್ತುವುದಿಲ್ಲ! ವಾರಕ್ಕೊಮ್ಮೆ ಎತ್ತಿ ಆಯಿಲ್ ಕಡ್ಡಿ, ಕೂಲೆಂಟ್, ಬೆಲ್ಟ್ ನೋಡಲು ಐದು ನಿಮಿಷ ಸಾಕು.

"ಎಷ್ಟು ನೋಡಿಕೊಂಡರೇನು, ಸರಕಾರವೇ ಗಾಡಿ ತೆಗೆಸುತ್ತದಲ್ಲ" ಎಂದು ಕೆಲವರು ಕೇಳಬಹುದು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. 2003ರಲ್ಲಿ ನೋಂದಣಿಯಾದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು, 2025ರಲ್ಲಿ ಆ ವಿಷಯ ಮತ್ತೆ ಕೋರ್ಟಿನ ಮುಂದೆ ಬಂತು. ಹೊಗೆ ಉಗುಳುವ ಹಳೇ ಗಾಡಿ ಹೋಗಬೇಕಾದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನನ್ನ ಎಂಜಿನ್ ಸತ್ತದ್ದು ಇಪ್ಪತ್ತನೇ ವರ್ಷದಲ್ಲಲ್ಲ, ಆರನೇ ವರ್ಷದಲ್ಲಿ. ಕಾನೂನು ಕೊಟ್ಟ ಆಯುಷ್ಯದ ಅರ್ಧವನ್ನೂ ನಾವು ಬಳಸುವುದಿಲ್ಲ, ಅದು ನನ್ನ ದೂರು.

ನಮ್ಮ ಸಂಘಕ್ಕೆ ಒಂದು ಸಲಹೆ ಇದೆ. ಪ್ರತಿವರ್ಷ ಅಡುಗೆ ಭಟ್ಟರನ್ನು ಶಾಲು ಹೊದಿಸಿ ಸನ್ಮಾನಿಸುತ್ತೇವೆ, ಸಂತೋಷ. ಡ್ರೈವರುಗಳನ್ನು ಒಮ್ಮೆಯೂ ಕರೆದದ್ದಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವ ಒಂದು ಭಾನುವಾರ ಅವರನ್ನೂ, ಒಬ್ಬ ಒಳ್ಳೆಯ ಮೆಕ್ಯಾನಿಕನ್ನೂ ಕರೆದು ಅರ್ಧ ದಿನದ ಶಿಬಿರ ಮಾಡೋಣ. ಜೊತೆಗೆ ಮಾಲೀಕರೂ ಕುಳಿತುಕೊಳ್ಳಲಿ. "ಗಾಡಿ ಇವತ್ತು ಹೊರಡುವುದು ಬೇಡ" ಎಂದು ಡ್ರೈವರ್ ಹೇಳಿದರೆ ಕೇಳುವ ಅಭ್ಯಾಸ ಮೊದಲು ಬೇಕಾಗಿರುವುದು ನಮಗೆ.

ಅಂದ ಹಾಗೆ, ಅದೇ ಡ್ರೈವರ್ ಈಗಲೂ ನನ್ನ ಬಳಿ ಇದ್ದಾನೆ. ಹೊಸ ವ್ಯಾನು 1,40,000 ಕಿಲೋಮೀಟರ್ ದಾಟಿದೆ, ಎಂಜಿನ್ ಬಿಚ್ಚಿಲ್ಲ. ವ್ಯಾನಿನ ಪುಸ್ತಕ ಬರೆಯುವವನು ಅವನು, ಪ್ರತಿ ಸೋಮವಾರ ಸಹಿ ಹಾಕುವವನು ನಾನು.