ನಾಯಿಯ ಎದೆಬಡಿತ ಏರುಪೇರಾದರೆ ಹೃದ್ರೋಗವೇ?

ಹುಬ್ಬಳ್ಳಿ-ಧಾರವಾಡದ ಮನೆಯಲ್ಲಿ ಮಲಗಿರುವ ಮುಧೋಳ ನಾಯಿಯ ಎದೆ ಮುಟ್ಟಿ ನೋಡಿ: ಬಡಿತ ಒಮ್ಮೆ ಬೇಗ, ಒಮ್ಮೆ ನಿಧಾನ. ನಾವು ಗಾಬರಿಯಾಗುತ್ತೇವೆ. ಆದರೆ ಆರೋಗ್ಯವಂತ ನಾಯಿಯಲ್ಲೂ ಇದು ಸಹಜ.

ಹೃದಯಕ್ಕೆ ತನ್ನದೇ ವಿದ್ಯುತ್ ಜಾಲವಿದೆ. ಸೈನಸ್ ಗಂಟಿನ ಸಣ್ಣ ಕೋಶಗಳು ತಾವಾಗಿಯೇ ಸಂಕೇತ ಹುಟ್ಟಿಸುತ್ತವೆ. ಎವಿ ಗಂಟಿನ ತೆಳು ಕೋಶಗಳ ಬಲೆಯಲ್ಲಿ ಅದು ಕ್ಷಣಕಾಲ ನಿಧಾನವಾಗುತ್ತದೆ. ಅಷ್ಟರಲ್ಲಿ ಕೆಳಕೋಣೆಗಳಿಗೆ ರಕ್ತ ತುಂಬುತ್ತದೆ. ಬಳಿಕ ಪರ್ಕಿಂಜೆ ಎಳೆಗಳು ಸಂಕೇತವನ್ನು ವೇಗವಾಗಿ ಹಂಚುತ್ತವೆ. ಜಪಾನಿನ ಸುನಾವೊ ತವಾರಾ 1906ರಲ್ಲಿ ಈ ದಾರಿಯನ್ನು ವಿವರಿಸಿದಾಗ ಪರೀಕ್ಷಿಸಿದ ಹೃದಯಗಳಲ್ಲಿ ನಾಯಿಯದ್ದೂ ಇತ್ತು.

ನಾಯಿ ಉಸಿರೆಳೆದಾಗ ವೇಗಸ್ ನರದ ಹಿಡಿತ ಸಡಿಲವಾಗಿ ಸೈನಸ್ ಗಂಟು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಏರುಪೇರಿಗೆ ಇದೇ ಕಾರಣ.

ಆದರೆ ನಾಯಿ ಮೂರ್ಛೆ ಹೋದರೆ, ಬೇಗ ಸುಸ್ತಾದರೆ ಪಶುವೈದ್ಯರ ಬಳಿ ಇಸಿಜಿ ಮಾಡಿಸಿ. ಮನುಷ್ಯರ ಹೃದಯದ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.